ಕಂಪ್ಯೂಟರಿಗೆ ಉಡಿ ತುಂಬಿದ ಅಕ್ಕೋರು

ಹೊಲಿಗೆ ಯಂತ್ರದ ಎಣ್ಣೆಗೆ ಅದರದೇ ಒಂದು ವಾಸನೆ ಇದೆ. ಸೀಮೆಎಣ್ಣೆಯಂತೆ ಮೂಗಿಗೆ ಅಡರುವುದಿಲ್ಲ, ಕೊಬ್ಬರಿ ಎಣ್ಣೆಯಂತೆ ಮನೆಯದು ಅಂತಲೂ ಅನಿಸುವುದಿಲ್ಲ. ಹೋದ ವಾರ ಆಂಧ್ರದ ಗಡಿಯೂರು ಆದವಾನಿಯಲ್ಲಿರುವ ನಮ್ಮ ಮನೆಯ ಕಂಪ್ಯೂಟರಿನ ಫ್ಯಾನು ಕಿರುಗುಟ್ಟತೊಡಗಿತು. ಅಂಗಡಿಗೆ ಒಯ್ದರೆ ಹೊಸದೇ ತಗೊಳ್ಳಿ ಅನ್ನುತ್ತಾರೆಂದು ಗೊತ್ತಿದ್ದರಿಂದ ನಾನೇ ಡಬ್ಬಿ ಬಿಚ್ಚಿದೆ. ಈ ಊರಿನಲ್ಲಿ ಯಾವ ಯಂತ್ರ ಬಿಚ್ಚಿದರೂ ಮೊದಲು ಕಾಣುವುದು ಹತ್ತಿಯ ಎಳೆ. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ನಡೆಯುವ ತಿಂಗಳುಗಳಲ್ಲಿ ಗಾಳಿಯೇ ಅದನ್ನು ಮನೆಮನೆಗೆ ಹಂಚಿ ಹೋಗುತ್ತದೆ. ಎಳೆಗಳನ್ನೆಲ್ಲ ಕಿತ್ತು, ಫ್ಯಾನಿನ ನಡುವಿನ ಚೀಟಿ ಎಬ್ಬಿಸಿ, ಹೆಂಡತಿಯ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಟ್ಟೆ. ವಾಸನೆ ಎದ್ದಿತು… ಅದರ ಹಿಂದೆಯೇ ಅಕ್ಕೋರು ಬಂದು ನಿಂತಂತಾಯಿತು. ಎಣ್ಣೆ ಬಿಡುವಾಗ ನನ್ನ ಕೈ ಸ್ವಲ್ಪ ಧಾರಾಳವಾದರೆ ಸಾಕು, ಯಂತ್ರಕ್ಕೆ ಸ್ನಾನ ಮಾಡಿಸುತ್ತೀಯೇನು ಎಂದು ಅವರು ಬೈಯುತ್ತಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ. ಇವರು ಹೊಲಿಗೆ ಅಕ್ಕೋರು. ನನಗೆ ಮೊದಲ ನೌಕರಿ ಸಿಕ್ಕಿದ್ದು ಹೊಳಗುಂದದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ, ಲೆಕ್ಕದ ಮೇಷ್ಟ್ರಾಗಿ. ಕರ್ನಾಟಕ ಅಲ್ಲಿಂದ ಕೂಗಳತೆಯಲ್ಲಿತ್ತು. ಶಾಲೆಯಲ್ಲಿ ತೆಲುಗು ವಿಭಾಗ, ಕನ್ನಡ ವಿಭಾಗ ಎರಡೂ ಇದ್ದವು. ನಾನು ಕನ್ನಡ ವಿಭಾಗದವನು. ಅಕ್ಕೋರು ಎರಡೂ ವಿಭಾಗದ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಅಳತೆ ಟೇಪು, ಇಡೀ ಶಾಲೆಗೆ ಕೇಳುವ ಗಂಟಲು. ಅವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಹೆಡ್ಮಾಸ್ಟರರ ಬಿಪಿ, ಶೇಂಗಾ ಬಿತ್ತುವ ಹದ, ನನ್ನ ಅಂಗಿಯ ಕಾಲರು, ಎಲ್ಲದರ ಬಗ್ಗೆಯೂ ಖಚಿತವಾಗಿ ಹೇಳುತ್ತಿದ್ದರು ಮತ್ತು ಅರ್ಧಕ್ಕರ್ಧ ತಪ್ಪು ಹೇಳುತ್ತಿದ್ದರು. ತಪ್ಪೆಂದು ಗೊತ್ತಾದರೆ ನಗುತ್ತಿದ್ದರು. ಆ ನಗುವಿನಿಂದಾಗಿ ಅವರ ಮೇಲೆ ಯಾರಿಗೂ ಬಹಳ ಹೊತ್ತು ಸಿಟ್ಟು ನಿಲ್ಲುತ್ತಿರಲಿಲ್ಲ. ಎಲ್ಲರೆದುರು ನನ್ನನ್ನು ಸಾರ್ ಎಂದು ಕರೆಯುತ್ತಿದ್ದರು. ಬೈಯುವಾಗ ಮಾತ್ರ ತಮ್ಮಾ.

ಒಂದು ವರ್ಷ ಯುಗಾದಿ ಮುಗಿದ ಮೇಲೆ ಶಾಲೆಗೆ ಕೆಟ್ಟ ಸುದ್ದಿ ಬಂತು. ಬರುವ ಜೂನಿನಲ್ಲಿ ಆರನೆಯ ತರಗತಿಯ ಕನ್ನಡ ವಿಭಾಗಕ್ಕೆ ಸಾಕಷ್ಟು ಮಕ್ಕಳು ಸೇರದಿದ್ದರೆ ಅದನ್ನು ತೆಲುಗು ವಿಭಾಗದಲ್ಲಿ ಸೇರಿಸಿಬಿಡುತ್ತಾರೆ, ಆಮೇಲೆ ವರ್ಷಕ್ಕೊಂದು ತರಗತಿಯಂತೆ ಇಡೀ ವಿಭಾಗವೇ ಮುಚ್ಚುತ್ತದೆ ಎಂದು. ಮಕ್ಕಳು ಕಡಿಮೆಯಾಗಿದ್ದಂತೂ ನಿಜ. ಆದವಾನಿಯ ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಆಗ ನಮ್ಮ ಹಳ್ಳಿಗಳವರೆಗೂ ಬರತೊಡಗಿದ್ದವು. ಮನೆಮನೆಗೆ ಹೋಗಿ ಕೇಳಿದರೆ ಅಪ್ಪಂದಿರೆಲ್ಲ ಒಬ್ಬರಿಂದೊಬ್ಬರು ಕಲಿತವರಂತೆ ಒಂದೇ ಮಾತು ಹೇಳುತ್ತಿದ್ದರು. ಅಲ್ಲಿ ಕಂಪ್ಯೂಟರ್ ಐತಿ, ನಿಮ್ಮಲ್ಲೇನೈತಿ? ನಮಗೂ ಸರ್ಕಾರದಿಂದ ಬರುತ್ತದೆ ಎಂದು ಪ್ರತಿ ವರ್ಷ ಕೇಳುತ್ತಿದ್ದೆವು. ಅದನ್ನೇ ಅವರಿಗೆ ಹೇಳಿದರೆ ನಗುತ್ತಿದ್ದರು. ನಮಗೂ ನಗು ಬರುತ್ತಿತ್ತು.

ವ್ಯಾನಿಗೆ ಹತ್ತುವವರು ಗಂಡುಹುಡುಗರು. ಹೆಣ್ಣುಮಕ್ಕಳನ್ನು ಯಾರೂ ಅಷ್ಟು ದೂರ ಕಳಿಸುತ್ತಿರಲಿಲ್ಲ. ಕನ್ನಡ ವಿಭಾಗ ಮುಚ್ಚಿದರೆ ಅವರಿಗೆ ಉಳಿಯುವುದು ಇಲ್ಲಿಯದೇ ತೆಲುಗು ವಿಭಾಗ, ಇಲ್ಲವೆ ಮನೆ, ಹತ್ತಿ ಬಿಡಿಸುವ ಕೆಲಸ. ತೆಲುಗಾದರೇನು, ಈ ಮಕ್ಕಳು ಹುಟ್ಟುತ್ತಲೇ ಎರಡೂ ಭಾಷೆ ಆಡುತ್ತಾರಲ್ಲ ಎಂದು ನಾನೊಮ್ಮೆ ಬುದ್ಧಿವಂತನಂತೆ ಅಂದೆ. ಅಕ್ಕೋರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು.

"ನಾ ಏಳನೇ ಕ್ಲಾಸ್‌ತನಕ ಕನ್ನಡದಾಗ ಓದಿದೆ ತಮ್ಮಾ. ಎಂಟಕ್ಕ ಆದವಾನ್ಯಾಗ ತೆಲುಗು ಸಾಲಿಗಿ ಹಾಕಿದ್ರು. ಸಂತ್ಯಾಗ, ಬಸ್ಸಿನ್ಯಾಗ ತೆಲುಗು ಗಡಗಡ ಮಾತಾಡಾಕಿ ನಾ. ಪುಸ್ತಕದಾಗ ನೋಡಿದ್ರ ಒಂದು ಅಕ್ಷರ ಒಳಗ ಹೋಗವಲ್ದು. ವರ್ಷಪೂರ್ತಿ ಹಿಂದಿನ ಬೆಂಚಿನ್ಯಾಗ ಸುಮ್ಮನ ಕುಂತೆ. ನಾನು… ಸುಮ್ಮನ. ಆಮ್ಯಾಲೆ ಮನ್ಯಾಗ ಸಾಕು ಬಿಡು ಅಂದ್ರು."

ಅಕ್ಕೋರು ಒಂದು ವರ್ಷ ಸುಮ್ಮನೆ ಕೂತಿದ್ದನ್ನು ನನಗೆ ಊಹಿಸಲೂ ಆಗಲಿಲ್ಲ.

ಮರುದಿನವೇ ಅವರು ಹೊಲಿಗೆ ಕೋಣೆಗೆ ನನ್ನನ್ನು ಕರೆಸಿ, ಕಂಪ್ಯೂಟರಿನ ಒಳಗೆ ಏನೇನಿರುತ್ತದೆ ಹೇಳು ಎಂದರು. ಡಿಗ್ರಿ ಓದುವಾಗ ಸಂಜೆ ಹೊತ್ತು ಕಂಪ್ಯೂಟರ್ ಕಲಿತು ಸರ್ಟಿಫಿಕೇಟು ತಂದವನು ನಾನು. ಅದನ್ನು ಕೇಳುವವರು ಸಿಕ್ಕರೆಂದು ಉಬ್ಬಿಹೋಗಿ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಎಲ್ಲ ಕೂಡುವ ದೊಡ್ಡ ಹಲಗೆ ಮದರ್‌ಬೋರ್ಡು, ಲೆಕ್ಕ ಮಾಡುವ ಪ್ರೊಸೆಸರು, ಕೆಲಸದ ಹೊತ್ತಿಗೆ ಮಾತ್ರ ನೆನಪಿಡುವ ರ‍್ಯಾಮು, ಕಾಯಮ್ಮಾಗಿ ಕೂಡಿಡುವ ಹಾರ್ಡ್‌ಡಿಸ್ಕು, ಕರೆಂಟು ಹಂಚುವ ಡಬ್ಬಿ. ಅಕ್ಕೋರು ಗಲ್ಲದ ಮೇಲೆ ಕೈಯಿಟ್ಟು ಕೇಳಿ, ಇದು ಕೌದಿ ಇದ್ದಂಗ ಐತಲ್ಲ ಎಂದರು.

ಕೌದಿ ಎಂದರೆ ಹಳೆಯ ಸೀರೆ, ಧೋತರ, ಹರಿದ ಅಂಗಿಗಳ ತುಂಡು ಕೂಡಿಸಿ ಹೊಲಿಯುವ ಹೊದಿಕೆ. ಅಕ್ಕೋರ ಕೌದಿಗಳಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಬಟ್ಟೆಯಂತೆ ಅಲ್ಲ, ಇಲ್ಲಿ ಒಂದಕ್ಕೊಂದು ಹೊಂದಬೇಕು ಎಂದು ನಾನು ವಿವರಿಸಲು ಹೋದೆ. ಬಟ್ಟೆಯೂ ಹೊಂದಬೇಕು, ನಿನಗೇನು ಗೊತ್ತು ಎಂದು ಬಾಯಿ ಮುಚ್ಚಿಸಿದರು. ಹೊಸದು ಕೊಳ್ಳುವ ಶಕ್ತಿ ನಮಗೆ ಯಾರಿಗೂ ಇರಲಿಲ್ಲ. ಹಳೆಯದನ್ನು ಹುಡುಕಿ ಕೂಡಿಸುವುದೆಂದು ಅಲ್ಲಿಯೇ ತೀರ್ಮಾನವಾಯಿತು. ನಾನು ಒಪ್ಪಿಕೊಂಡೆನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಬೇಸಿಗೆ ರಜೆಯಲ್ಲಿ ನಮ್ಮ ತಿರುಗಾಟ ಆದವಾನಿಯ ಒಂದು ಗುಜರಿ ಅಂಗಡಿಗೆ. ಹತ್ತಿ ಮಿಲ್ಲುಗಳ ಆಫೀಸಿನಿಂದ, ಆಗಷ್ಟೇ ಬಾಗಿಲು ಹಾಕುತ್ತಿದ್ದ ಇಂಟರ್‌ನೆಟ್ ಸೆಂಟರುಗಳಿಂದ ಬಂದ ಕಂಪ್ಯೂಟರುಗಳು ಅಲ್ಲಿ ಸುಟ್ಟುಹೋದ ಮೋಟಾರು, ಸೊಟ್ಟಗಾದ ಸೈಕಲ್ಲುಗಳ ಜೊತೆ ರಾಶಿ ಬಿದ್ದಿದ್ದವು. ಅಂಗಡಿಯ ಭಾಯಿಗೆ ನಮ್ಮನ್ನು ಕಂಡರೆ ಮೊದಮೊದಲು ತಮಾಷೆ. ಅಕ್ಕೋರು ಮೊದಲ ದಿನವೇ ಅವನ ಮನೆಯ ವಿಚಾರ ಕೇಳಿ, ವಯಸ್ಸಾದ ತಾಯಿಗೆ ಚಳಿ ತಡೆಯುವುದಿಲ್ಲ ಎಂಬುದನ್ನು ತಿಳಿದುಕೊಂಡು, ಆಕೆಗೊಂದು ದಪ್ಪ ಕೌದಿ ಹೊಲಿದುಕೊಡುವ ಮಾತಾಡಿದರು. ಅದಕ್ಕೆ ಬದಲು ರಾಶಿಯಲ್ಲಿ ನಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ವ್ಯಾಪಾರ ಅಷ್ಟೇ.

ಆರಿಸುವುದೇ ದೊಡ್ಡ ಕೆಲಸವಾಯಿತು. ಅಕ್ಕೋರು ಮದರ್‌ಬೋರ್ಡನ್ನು ರವಿಕೆ ಬಟ್ಟೆಯಂತೆ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬಣ್ಣ ಚೆನ್ನಾಗಿದೆ ಎಂದು ಎತ್ತಿಟ್ಟ ಹಲಗೆಯ ಹೊಟ್ಟೆಯಲ್ಲಿ ಸುಟ್ಟ ಕಲೆ ಇರುತ್ತಿತ್ತು. ಒಮ್ಮೆ ಅವರು ಹುಡುಕಿ ತಂದ ರ‍್ಯಾಮಿನ ಪಟ್ಟಿಯ ಕಚ್ಚು ನಮ್ಮ ಬೋರ್ಡಿನ ಕಚ್ಚಿಗೆ ಕೂಡಲಿಲ್ಲ. ಒಂದು ಎಳೆಯಷ್ಟು ಕತ್ತರಿಸಿದರೆ ಕೂಡುತ್ತದೆ ಎಂದು ಚೀಲದಿಂದ ಕತ್ತರಿ ತೆಗೆದೇಬಿಟ್ಟರು. ನಾನು ಕೈ ಹಿಡಿದುಕೊಂಡೆ. ಭಾಯಿ ತಾನು ನೋಡಿಯೇ ಇಲ್ಲ ಎಂಬಂತೆ ಆ ಕಡೆ ತಿರುಗಿ ನಕ್ಕ. ಕೊನೆಗೆ ಒಂದು ಮಿಲ್ಲಿನ ಬೋರ್ಡು, ಇನ್ನೊಂದು ಕಡೆಯ ರ‍್ಯಾಮು, ಇಂಟರ್‌ನೆಟ್ ಸೆಂಟರಿನ ಮಾನಿಟರು, ಮತ್ತೆಲ್ಲಿಯದೋ ಡಬ್ಬಿ… ಹೀಗೆ ಗುರುತಿಲ್ಲದವರೆಲ್ಲ ಒಂದೇ ಮನೆಗೆ ಬಂದು ಸೇರಿದರು.

ಆ ಮಾನಿಟರು ಹಳೆಯ ಕಾಲದ ಟಿವಿಯಂಥದ್ದು, ಹಿಂದೆ ದೊಡ್ಡ ಬೆನ್ನು. ಅಕ್ಕೋರು ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕಂಡಕ್ಟರು ಬಂದು, ಟಿವಿಗೆ ಲಗೇಜ್ ಟಿಕೆಟ್ ಆಗುತ್ತದೆ ಅಮ್ಮಾ ಎಂದು ತೆಲುಗಿನಲ್ಲಿ ಹೇಳಿದ. ಅಕ್ಕೋರು ತಲೆ ಎತ್ತಲೂ ಇಲ್ಲ.

"ಟಿವಿ ಅಲ್ಲಪಾ. ನಮ್ಮ ಸಾಲಿ ಇದು."

ಅವನಿಗೆ ಏನು ಅರ್ಥವಾಯಿತೋ, ಲಗೇಜ್ ಟಿಕೆಟ್ ಹರಿಯದೆ ಮುಂದೆ ಹೋದ. ದಾರಿಯುದ್ದಕ್ಕೂ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅವರು ಅದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ನಾನು ಮಾತ್ರ ಆ ಕರೆಂಟಿನ ಡಬ್ಬಿ ಹಿಡಿದು ನಿಂತೇ ಬಂದೆ.

ಹೊಲಿಗೆ ಕೋಣೆಯೇ ನಮ್ಮ ಕಾರ್ಖಾನೆ. ಮಿಲ್ಲಿನಿಂದ ಬಂದ ಸಾಮಾನಿನ ಒಳಗೆ ಹತ್ತಿ ಎಷ್ಟು ತುಂಬಿತ್ತೆಂದರೆ, ಇದನ್ನೇ ಕೂಡಿಸಿದರೆ ಒಂದು ದಿಂಬು ಆಗುತ್ತದೆ ಎಂದು ಅಕ್ಕೋರು ಅಂದಾಜು ಹಾಕಿದರು. ಹೊಲಿಗೆ ಯಂತ್ರ ಒರೆಸುವ ಕುಂಚದಿಂದ ಮೂಲೆಮೂಲೆ ತೆಗೆದೆವು. ಫ್ಯಾನುಗಳಿಗೆ ಯಂತ್ರದ ಎಣ್ಣೆ. ಪ್ರೊಸೆಸರಿನ ಬೆನ್ನಿಗೆ ಬಿಳಿಯ ಮುಲಾಮು ಹಚ್ಚಬೇಕು, ಅದರಿಂದ ಬಿಸಿ ಮೇಲಿನ ಲೋಹಕ್ಕೆ ದಾಟುತ್ತದೆ ಎಂದೆ. ವಿಭೂತಿಯನ್ನು ಎಣ್ಣೆಯಲ್ಲಿ ಕಲಸಿದರೆ ಆಗದೇನು, ಹಣೆ ತಣ್ಣಗಿಡುವುದು ಅದನ್ನು ತಣ್ಣಗಿಡುವುದಿಲ್ಲವೇ ಎಂದು ವಾದಕ್ಕೆ ನಿಂತರು. ನಾನು ಕೇಳಲಿಲ್ಲ, ಮರುದಿನ ಭಾಯಿಯ ಹತ್ತಿರ ಹೋಗಿ ಮುಲಾಮು ತಂದೆ. ಎರಡು ದಿನ ನನ್ನ ಜೊತೆ ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡಿದರು.

ಎಲ್ಲ ಕೂಡಿಸಿ ಮೊದಲ ಸಲ ಗುಂಡಿ ಒತ್ತಿದಾಗ ಪರದೆ ಕಪ್ಪಗೇ ಉಳಿದು, ಒಳಗಿನಿಂದ ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗು ಬಂತು. ಅಕ್ಕೋರು ಗಾಬರಿಯಾಗಿ ದೂರ ಸರಿದರು. ರ‍್ಯಾಮು ಸರಿಯಾಗಿ ಕೂತಿಲ್ಲವೆಂದು ಅದು ಹೇಳುತ್ತಿದೆ ಎಂದೆ. ಹಾಗಾದರೆ ಮಾತು ಬರುತ್ತದಲ್ಲ, ಇನ್ನೇನು ಹೆದರಿಕೆ ಎಂದು ಕೂಡಲೇ ಹತ್ತಿರ ಬಂದರು. ಪಟ್ಟಿ ಕಿತ್ತು, ಅದರ ಹಳದಿ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಈ ಸಲ ಕೂಗಲಿಲ್ಲ. ಪರದೆಯ ಮೇಲೆ ಬಿಳಿಯ ಅಕ್ಷರಗಳು ಓಡಿದವು… ಅಕ್ಕೋರು ಕೈ ಮುಗಿದರು. ನಾನೂ ಮುಗಿದೆ. ನಗಬೇಡಿ, ಅಷ್ಟು ದಿನ ಗುಜರಿಯಲ್ಲಿ ಕೈ ಕಪ್ಪು ಮಾಡಿಕೊಂಡವರಿಗೆ ಮಾತ್ರ ಅದು ತಿಳಿಯುತ್ತದೆ.

ಕನ್ನಡ ಅಕ್ಷರ ಬರಿಸುವ ಸಿಡಿಯನ್ನು ಬಳ್ಳಾರಿಯಿಂದ ತರಿಸಿದೆ. ಸಿಡಿ ಓದುವ ಪೆಟ್ಟಿಗೆ ನಮ್ಮಲ್ಲಿ ಇರಲಿಲ್ಲ. ಅದನ್ನು ಭಾಯಿ ಎರವಲು ಕೊಟ್ಟ. ಕೆಲಸ ಮುಗಿದ ಮೇಲೆ ಬಿಚ್ಚಿ ವಾಪಸು ಒಯ್ದೆವು. ಹೀಗಾಗಿ ಡಬ್ಬಿಯ ಮುಂಭಾಗದಲ್ಲಿ ಅಂಗೈ ಅಗಲದ ಒಂದು ಕಿಂಡಿ ಉಳಿಯಿತು. ಅಕ್ಕೋರು ಅದಕ್ಕೆ ಹೂವಿನ ಬಟ್ಟೆಯ ಪರದೆ ಹೊಲಿದು ಕಟ್ಟಿದರು. ಕೀಬೋರ್ಡಿನ ಗುಂಡಿಗಳ ಮೇಲೆ ಕನ್ನಡ ಅಕ್ಷರ ಬರೆದ ಚೀಟಿಗಳನ್ನು ಅಂಟಿಸಿದರು. ಬೇಸಿಗೆಯಲ್ಲಿ ಹೊಲಿಗೆಗೆ ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಕೂತು ತಮ್ಮ ಹೆಸರು ಹೊಡೆದು ನೋಡಿದರು. ಶಾಲೆ ಶುರುವಾಗುವ ದಿನ ತಂದೆತಾಯಿಗಳನ್ನು ಕರೆಸಿ ಇದನ್ನೇ ತೋರಿಸುವುದೆಂದು ಇಡೀ ಊರಿಗೆ ಹೇಳಿಯಾಗಿತ್ತು. ಹೇಳಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

ಆ ದಿನ ಬೆಳಿಗ್ಗೆ ಹೊಲಿಗೆ ಕೋಣೆ ತುಂಬಿತ್ತು. ಅಪ್ಪಂದಿರು ಬೆಂಚುಗಳ ಮೇಲೆ, ಅಮ್ಮಂದಿರು ಬಾಗಿಲ ಬಳಿ ನಿಂತು, ಸೆರಗು ಬಾಯಿಗೆ. ಶಾಲಾ ಕಮಿಟಿಯ ಅಧ್ಯಕ್ಷ ಮುಂದಿನ ಬೆಂಚಿನಲ್ಲಿ ಕೂತಿದ್ದ. ಹತ್ತಿ ಬೀಜ, ಗೊಬ್ಬರದ ಅಂಗಡಿಯವನು, ಊರಿನಲ್ಲಿ ನಾಲ್ಕು ಜನ ಅವನ ಮಾತು ಕೇಳುತ್ತಿದ್ದರು. ಮಗನನ್ನು ಆಗಲೇ ವ್ಯಾನು ಹತ್ತಿಸಿದ್ದ. ಮಗಳು ಐದು ಮುಗಿಸಿದ್ದಳು. ಅವಳನ್ನು ಇಲ್ಲಿ ಬಿಡುವುದೋ, ಮನೆಯಲ್ಲಿ ಇರಿಸಿಕೊಳ್ಳುವುದೋ ನೋಡೋಣ ಎಂದಿದ್ದ. ಅವನು ಮಗಳನ್ನು ಇಲ್ಲಿ ಸೇರಿಸಿದರೆ ಉಳಿದವರೂ ಸೇರಿಸುತ್ತಾರೆ ಎಂಬುದು ನಮ್ಮ ಲೆಕ್ಕ.

ನಾನು ನಾಲ್ಕು ಮಾತಾಡಿ, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಫ್ಯಾನು ತಿರುಗಲಿಲ್ಲ, ದೀಪ ಹತ್ತಲಿಲ್ಲ, ಬೀಪ್ ಎನ್ನುವ ಕೂಗೂ ಇಲ್ಲ. ಕರೆಂಟು ಇತ್ತು. ಹಿಂದಿನ ಸಂಜೆ ಸರಿಯಾಗಿಯೇ ನಡೆದಿತ್ತು. ಅಧ್ಯಕ್ಷ ಪಕ್ಕದವನನ್ನು ನೋಡಿ ಮೀಸೆಯಡಿ ನಕ್ಕಿದ್ದು ನನಗೆ ಕಾಣಿಸಿತು. ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ.

ಒಳಗಿನಿಂದ ಒಂದು ಅಳಿಲು ಚಂಗನೆ ಹಾರಿ, ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಬೇವಿನ ಮರಕ್ಕೆ ಓಡಿತು. ಡಬ್ಬಿಯ ತಳದಲ್ಲಿ ಹತ್ತಿ, ನಾರು, ಅಕ್ಕೋರ ಕೋಣೆಯದೇ ದಾರದ ಚೂರುಗಳ ಮೆತ್ತನೆಯ ಗೂಡು. ಸುತ್ತ ಶೇಂಗಾ ಸಿಪ್ಪೆ. ಮುಂದಿನ ಗುಂಡಿಯಿಂದ ಬೋರ್ಡಿಗೆ ಹೋಗುವ ಸಣ್ಣ ವೈರುಗಳನ್ನು ಕಡಿದು ತುಂಡುತುಂಡು ಮಾಡಿತ್ತು. ಹೂವಿನ ಪರದೆ ಸರಿಸಿ ಕಿಂಡಿಯಿಂದ ಒಳಗೆ ಹೋಗಿದೆ ಎನ್ನುವುದು ತಿಳಿಯಿತು. ಆದರೆ ಶೇಂಗಾ ಒಳಗೆ ಹೇಗೆ ಬಂತು? ಮೂಲೆಯಲ್ಲಿ ಕೆಂಪು ಬಟ್ಟೆಯ ಒಂದು ಪುಟ್ಟ ಗಂಟು ಹರಿದು ಬಿದ್ದಿತ್ತು. ಅದರಲ್ಲಿ ಇನ್ನೂ ನಾಲ್ಕು ಕಾಳು ಜೋಳ, ಒಂದು ಚೂರು ಕೊಬ್ಬರಿ.

ನಾನು ಅಕ್ಕೋರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

ಅವರ ಮನೆತನದಲ್ಲಿ ಕೌದಿಯ ಕೊನೆಯ ಮೂಲೆಯನ್ನು ಖಾಲಿ ಹೊಲಿಯುವುದಿಲ್ಲ. ಒಂದು ಚಿಟಿಕೆ ಕಾಳು ಇಟ್ಟು ಹೊಲಿಯುತ್ತಾರೆ. ಹೆಣ್ಣುಮಗಳನ್ನು ಬರಿಗೈಲಿ ಕಳಿಸದೆ ಮಡಿಲಿಗೆ ಉಡಿ ತುಂಬಿ ಕಳಿಸುವಂತೆ. ಇಷ್ಟು ಕಷ್ಟಪಟ್ಟು ಕೂಡಿಸಿದ್ದನ್ನು ನಾಳೆ ಜನರೆದುರು ಇಡುವ ಮೊದಲು ಹಾಗೇ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಹಿಂದಿನ ಸಂಜೆ ನಾನು ಬಸ್ಸಿಗೆ ಹೋದ ಮೇಲೆ ಕಂಪ್ಯೂಟರಿಗೆ ಉಡಿ ತುಂಬಿದ್ದಾರೆ. ನನಗೆ ಹೇಳಿದರೆ ಬೇಡ ಅನ್ನುತ್ತೇನೆಂದು ಹೇಳಿರಲಿಲ್ಲ. ಬೇಡ ಅನ್ನುತ್ತಲೂ ಇದ್ದೆ. ಸಿಟ್ಟು ನೆತ್ತಿಗೇರಿ, ಅಷ್ಟು ಜನರ ಮುಂದೆಯೇ ನಾನು ಏನಾದರೂ ಅಂದುಬಿಡುತ್ತಿದ್ದೆನೋ ಏನೋ…

ಅಷ್ಟರಲ್ಲಿ ಬಾಗಿಲ ಬಳಿಯಿಂದ ಒಂದು ಹೆಣ್ಣಿನ ಧ್ವನಿ ಬಂತು. ಅಧ್ಯಕ್ಷನ ಹೆಂಡತಿ, ಸಿರುಗುಪ್ಪದ ಕಡೆಯಿಂದ ಮದುವೆಯಾಗಿ ಬಂದವಳು. ಯಾರೆದುರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಉಡಿ ತುಂಬಿದ್ರೇನ್ರಿ ಅಕ್ಕೋರ ಇದಕ್ಕ?"

"ಮತ್ತೇನವ್ವಾ, ಬರಿ ಹೊಟ್ಟಿಲೆ ಹೆಂಗ ಕೂಡ್ಸಲಿ" ಎಂದರು ಅಕ್ಕೋರು, ಇನ್ನೂ ನೆಲ ನೋಡುತ್ತ.

ಹೆಂಗಸರೆಲ್ಲ ನಕ್ಕರು. ಅಧ್ಯಕ್ಷನ ನಗುವಿನಂಥದ್ದಲ್ಲ ಅದು. ಸೆರಗು ಬಾಯಿಂದ ಜಾರಿದ್ದೂ ತಿಳಿಯದೆ ಗಟ್ಟಿಯಾಗಿ ನಕ್ಕು, ಒಬ್ಬರ ಹಿಂದೊಬ್ಬರು ಒಳಗೆ ಬಂದು ಮೇಜಿನ ಸುತ್ತ ನಿಂತರು. ಅಳಿಲಿನ ಗೂಡನ್ನು ಮುಟ್ಟಿ ನೋಡಿದರು. ಉಡಿಗೆ ಶೇಂಗಾ ಹಾಕುತ್ತಾರೇನು, ಉತ್ತತ್ತಿ ಸಿಗಲಿಲ್ಲವೇನು ಎಂದು ಒಬ್ಬಾಕೆ ಅಕ್ಕೋರನ್ನು ದಬಾಯಿಸಿದಳು. ಬೆಂಚಿನ ಮೇಲಿದ್ದ ಗಂಡಸರಿಗೆ ಈಗ ಮೇಜೇ ಕಾಣುತ್ತಿರಲಿಲ್ಲ. ಅಕ್ಕೋರಿಗೆ ಧ್ವನಿ ವಾಪಸು ಬಂತು. ಮದರ್‌ಬೋರ್ಡು ಯಾವ ಮಿಲ್ಲಿನಿಂದ ಬಂತು, ರ‍್ಯಾಮಿಗೆ ರಬ್ಬರು ಹೇಗೆ ತಿಕ್ಕಿದೆವು ಎಂದು ತೆರೆದ ಡಬ್ಬಿಯೊಳಗೆ ಬೆರಳಿಟ್ಟು ತೋರಿಸತೊಡಗಿದರು. ಅರ್ಧ ತಪ್ಪೇ ಹೇಳಿದರು. ನಾನು ತಿದ್ದಲಿಲ್ಲ.

ಗುಂಡಿಯ ವೈರು ಹೋಗಿದ್ದರೆ ಗುಂಡಿಯಿಲ್ಲದೆಯೂ ನಡೆಸಬಹುದೆಂದು ನನಗೆ ಆಗ ಹೊಳೆಯಿತು. ಬೋರ್ಡಿನ ಮೇಲೆ ಅದಕ್ಕೆಂದೇ ಎರಡು ಸಣ್ಣ ಮುಳ್ಳುಗಳಿರುತ್ತವೆ. ಅವೆರಡಕ್ಕೂ ಒಮ್ಮೆಲೇ ಲೋಹ ತಾಗಿದರೆ ಸಾಕು. ಅಕ್ಕೋರಿಗೆ ಜಾಗ ತೋರಿಸಿದೆ. ಅವರು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಮೆಲ್ಲಗೆ ತಾಗಿಸಿದರು. ಫ್ಯಾನು ತಿರುಗಿತು. ಪರದೆ ಬೆಳಗಿತು.

ಅಧ್ಯಕ್ಷನ ಮಗಳು ಬೇಸಿಗೆಯಲ್ಲಿ ಹೊಲಿಗೆಗೆ ಬಂದವಳೇ. ಅಕ್ಕೋರು ಅವಳನ್ನು ಕೂರಿಸಿ, ನಿಮ್ಮವ್ವನ ಹೆಸರು ಹೊಡಿ ಎಂದರು. ಹುಡುಗಿ ಚೀಟಿ ಅಂಟಿಸಿದ ಗುಂಡಿಗಳನ್ನು ಹುಡುಕಿ ಹುಡುಕಿ ಒತ್ತಿದಳು. ದೊಡ್ಡ ಅಕ್ಷರದಲ್ಲಿ ಹೆಸರು ಮೂಡಿತು. ತಾಯಿ ಮುಂದೆ ಬಾಗಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಅವಳು ತವರಿನಲ್ಲಿ ಕನ್ನಡ ಶಾಲೆಗೆ ಹೋದವಳು. ಈ ಕಡೆಗೆ ಬಂದ ಮೇಲೆ ರೇಷನ್ ಕಾರ್ಡಿನಿಂದ ಹಿಡಿದು ಎಲ್ಲ ಕಾಗದದಲ್ಲೂ ಅವಳ ಹೆಸರು ತೆಲುಗಿನಲ್ಲಿ. ಅದು ಅವಳಿಗೆ ಓದಲು ಬಾರದು. ಹೆಬ್ಬೆಟ್ಟು ಒತ್ತುತ್ತಿದ್ದಳು. ಊರೆಲ್ಲ, ಗಂಡನೂ ಸೇರಿ, ಅವಳಿಗೆ ಅಕ್ಷರವೇ ಬರುವುದಿಲ್ಲ ಎಂದುಕೊಂಡಿದ್ದರು.

ಅವಳು ಗಂಡನ ಕಡೆ ತಿರುಗಿ ಹೇಳಿದ್ದು ಜೋರಾಗಿಯೇನೂ ಅಲ್ಲ.

"ಈಕಿ ಇಲ್ಲೇ ಓದ್ತಾಳ."

ಅಧ್ಯಕ್ಷ ಸರಿ ಅಂದ. ಬೇರೆ ಏನನ್ನಲೂ ಅವನಿಗೆ ಆಗ ದಾರಿಯಿರಲಿಲ್ಲ. ಅವಳ ಹಿಂದೆ ಇನ್ನೊಬ್ಬಾಕೆ ತನ್ನ ಹೆಸರು ಹೊಡೆಸಿದಳು, ಆಮೇಲೆ ಮತ್ತೊಬ್ಬಾಕೆ… ಆ ಹೊತ್ತಿನ ನಂತರ ನನ್ನ ನೆನಪು ಸ್ವಲ್ಪ ಕಲಸಿಹೋಗಿದೆ. ಯಾರು ಯಾವಾಗ ಮಕ್ಕಳ ಹೆಸರನ್ನು ಶಾಲೆಗೆ ಬರೆಸಿದರೋ ತಿಳಿಯದು. ಕನ್ನಡ ವಿಭಾಗ ಆ ವರ್ಷ ಉಳಿಯಿತು.

ಎಲ್ಲರೂ ಹೋದ ಮೇಲೆ ಅಕ್ಕೋರು ಅಳಿಲಿನ ಗೂಡನ್ನು ಎರಡೂ ಕೈಯಲ್ಲಿ ಎತ್ತಿ ಬೇವಿನ ಮರದ ಕವಲಿನಲ್ಲಿಟ್ಟು ಬಂದರು. ನಾನು ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿದಿತ್ತು. ಅವರೇ ಮಾತು ತೆಗೆದರು.

"ಇಷ್ಟು ದಿನ ಗಂಡಸ್ರ ಮುಂದ ಕಟ್ಟಿಮ್ಯಾಲೆ ಕುಂತು ಗಂಟ್ಲ ಹರ್ಕೊಂಡ್ವಿ ತಮ್ಮಾ. ಒಲಿಮುಂದಿದ್ದಾಕೀನ ಕೇಳಬೇಕಿತ್ತು. ನಾನೂ ಹೆಣ್ಣೇ ಕದಾ, ನನಗೂ ತ್ವಾಚಲಿಲ್ಲ ನೋಡು."

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ಮಕ್ಕಳನ್ನು ಕೇಳಲು ನಾವು ಮನೆಮನೆಗೆ ಹೋಗುತ್ತಿದ್ದುದು ಹಾಗೆಯೇ. ಅಕ್ಕೋರು ನೇರ ಒಳಗೆ ನಡೆದು ಒಲೆಯ ಮುಂದೆ ಕೂತು ಮಾತಿಗೆ ತೊಡಗುತ್ತಿದ್ದರು. ನಾನು ನಡುಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ನನ್ನ ನೌಕರಿಯಲ್ಲಿ ಅಷ್ಟು ಸುಖದ ಕೆಲಸ ಮತ್ತೊಂದಿರಲಿಲ್ಲ. ಆ ಕಂಪ್ಯೂಟರು ಕೆಲವು ವರ್ಷ ನಡೆಯಿತು. ಕಿಂಡಿಗೆ ತಗಡು ಹೊಡೆಸಿದೆವು, ವೈರು ಜೋಡಿಸಿದೆವು. ಕೊನೆಗೆ ಸರ್ಕಾರದ ಕಂಪ್ಯೂಟರುಗಳೂ ಬಂದವು, ನಮ್ಮದು ಎಲ್ಲಿಂದ ಬಂದಿತ್ತೋ ಆ ಗುಜರಿಗೇ ಹೋಯಿತು. ಅಕ್ಕೋರಿಗೆ ಅದರ ಬಗ್ಗೆ ದುಃಖವೇನೂ ಇರಲಿಲ್ಲ. ಹರಿದ ಕೌದಿಯನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವವರು ಅವರು.

ನನಗೆ ವರ್ಗವಾಯಿತು, ಅವರು ನಿವೃತ್ತರಾದರು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ನನ್ನ ಹೆಂಡತಿಯ ಹೊಲಿಗೆ, ಮಗಳ ಓದು, ನನ್ನ ಹೊಟ್ಟೆ, ಎಲ್ಲದರ ಬಗ್ಗೆಯೂ ಅಲ್ಲಿಂದಲೇ ಅಭಿಪ್ರಾಯ ಹೇಳುತ್ತಿದ್ದರು. ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ನನಗೆ ಸುದ್ದಿ ಕೊಟ್ಟದ್ದು ಅಧ್ಯಕ್ಷನ ಆ ಮಗಳೇ. ಈಗ ಅದೇ ಕಡೆ ನರ್ಸಾಗಿದ್ದಾಳೆ. ಫೋನಿನಲ್ಲಿ ಅಳು ತಡೆದುಕೊಂಡು, ಸಾರ್, ಹೊಲಿಗೆ ಅಕ್ಕೋರು ಹೋದರು ಎಂದಷ್ಟೇ ಅಂದಳು. ಮಣ್ಣಿಗೆ ಹೋಗಿಬಂದೆ. ಊರಿನ ಹೆಂಗಸರು ಎಷ್ಟು ಜನ ಸೇರಿದ್ದರೆಂದರೆ, ನನಗೆ ಹತ್ತಿರ ಹೋಗಿ ಮುಖ ನೋಡಲೂ ಕಷ್ಟವಾಯಿತು. ಅವರ ಹುದ್ದೆಗೆ ಮತ್ತೆ ಯಾರೂ ಬಂದಿಲ್ಲ. ಹೊಲಿಗೆ ಕಲಿಸುವವರು ಈಗ ಬೇಕಿಲ್ಲವಂತೆ.

ನಾನೀಗ ಪೆದ್ದಕಡುಬೂರಿನ ಕಡೆಯ ಶಾಲೆಯೊಂದರಲ್ಲಿದ್ದೇನೆ. ಇಲ್ಲಿಯೂ ಒಂದು ಕನ್ನಡ ವಿಭಾಗ ಇದೆ, ಇಲ್ಲಿಯೂ ಅದೇ ಆತಂಕ. ಈ ಜೂನಿನಲ್ಲಿ ಒಂದು ಮನೆಗೆ ಹೋದೆ. ಮಗಳು ಐದು ಮುಗಿಸಿದ್ದಾಳೆ. ಅಪ್ಪ ಕಟ್ಟೆಯ ಮೇಲೆ ಕೂತು, ಆದವಾನಿಯ ಶಾಲೆಯಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಪಾಠ ಮಾಡುತ್ತಾರೆಂದು ತನ್ನ ಫೋನಿನಲ್ಲಿ ನನಗೆ ತೋರಿಸಿದ. ತೋರಿಸಿದ್ದನ್ನೆಲ್ಲ ನೋಡಿದೆ. ಚೆನ್ನಾಗಿದೆ ಎಂದೆ. ಆಮೇಲೆ, ನಿಮ್ಮ ಮನೆಯವರನ್ನು ಸ್ವಲ್ಪ ಕರೆಯಿರಿ ಎಂದೆ.

ಆಕೆ ಒಳಗಿನಿಂದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಹತ್ತಿರ ನಿಂತಳು. ಅಕ್ಕೋರು ಮಾತಿಗೆ ತೊಡಗಲಿ ಎಂಬಂತೆ ನಾನು ಅಭ್ಯಾಸಬಲದಿಂದ ಕಾದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನು ನಾನೇ ಮಾತಾಡಬೇಕು ಎಂದು ಆಗ ನನಗೆ ತಿಳಿಯಿತು.